ಅಂಜುವ ಮಕ್ಕಳಿಗೆ ದನಿ ಕೊಟ್ಟ ಗವಾಯಿಗಳು



ಈ ತಿಂಗಳು ನಿಮ್ಮ ಮುಂದೆ ಇಡುವ ಚರಿತ್ರೆಯು ಮಿಶನರಿಯೊಬ್ಬರದಲ್ಲ, ಸಭೆಯ ಹಿರಿಯರದೂ ಅಲ್ಲ. ಗದಗಿನ ಪಂಚಾಕ್ಷರಿ ಗವಾಯಿಗಳು ವೀರಶೈವ ಮತದಲ್ಲಿ ಹುಟ್ಟಿ, ಅದರಲ್ಲಿಯೇ ನಿಷ್ಠೆಯಿಂದ ಬದುಕಿ ತೀರಿಕೊಂಡವರು. ಅವರ ಪೂಜೆಯೂ ಅವರ ನಂಬಿಕೆಯೂ ನಮ್ಮದಲ್ಲವೆಂಬದನ್ನು ಮೊದಲೇ ಹೇಳಿಬಿಡುವದು ಒಳ್ಳೇದು. ಅದನ್ನು ಮರೆಮಾಚಿದರೆ ಅವರಿಗೂ ಗೌರವವಿಲ್ಲ, ನಮಗೂ ಇಲ್ಲ. ಆದರೂ ನೆರೆಯವನು ಯಾರೆಂದು ಧರ್ಮಶಾಸ್ತ್ರಿಯೊಬ್ಬನು ಕೇಳಿದಾಗ ನಮ್ಮ ಕರ್ತನು ಯಾಜಕನನ್ನಾಗಲಿ ಲೇವಿಯನನ್ನಾಗಲಿ ಮಾದರಿಯಾಗಿ ತೋರಿಸದೆ, ಸಮಾರ್ಯದವನೊಬ್ಬನ ಕಥೆಯನ್ನು ಹೇಳಿದನಷ್ಟೆ. ದಾರಿಯಲ್ಲಿ ಬಿದ್ದವನನ್ನು ಎತ್ತಿದವನು ಯಾವ ಊರಿನವನೆಂದು ಕೇಳಿ ಅವನ ಕೆಲಸವನ್ನು ಅಳೆಯುವದು ನಮಗೆ ಕಲಿಸಲ್ಪಟ್ಟ ಪದ್ಧತಿಯಲ್ಲ.

ಈ ಚರಿತ್ರೆಯನ್ನು ಆರಿಸಿಕೊಳ್ಳುವದಕ್ಕೆ ಇನ್ನೊಂದು ಕಾರಣವುಂಟು. ಕಟಕೋಳದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಹಾಡಿಗೆ ಎಂದೂ ಬರಗಾಲವಿಲ್ಲ. ಬೈಲಹೊಂಗಲದ ಸಂಗ್ಯಾ ಬಾಳ್ಯಾರ ಆಟವನ್ನೂ, ಗೋಕಾಕದ ಸೀಮೆಯಲ್ಲಿ ಹುಟ್ಟಿದ ಶ್ರೀಕೃಷ್ಣ ಪಾರಿಜಾತವನ್ನೂ ಬೆಳತನಕ ಆಡಿ ಹಾಡಿದ ನಾಡು ಇದು. ಕಳೆ ತೆಗೆಯುವ ಹೆಣ್ಣುಮಕ್ಕಳು ಹಾಡುತ್ತಾರೆ. ಎತ್ತು ಹೊಡೆಯುವ ಹುಡುಗನು ಹಾಡುತ್ತಾನೆ. ಆದರೆ ಅದೇ ಹುಡುಗನನ್ನು ಕರ್ತನ ದಿನದ ಆರಾಧನೆಯಲ್ಲಿ ಹೆಸರು ಹಿಡಿದು ಕರೆದು, ಮುಂದೆ ಬಂದು ಕೀರ್ತನೆಯನ್ನು ಎತ್ತಿಕೊಡಬೇಕೆಂದು ಹೇಳಿದರೆ ದನಿಯು ಅವನ ಗಂಟಲಲ್ಲಿಯೇ ಉಳಿದುಹೋಗುತ್ತದೆ. ಇದು ಸೋಮಾರಿತನವಲ್ಲ, ಭಕ್ತಿಯ ಕೊರತೆಯೂ ಅಲ್ಲ. ನಮ್ಮಲ್ಲಿ ಬಹು ಮಂದಿಯ ಮುತ್ತಜ್ಜಂದಿರು ಊರ ಹೊರಗೆ ತಲೆ ತಗ್ಗಿಸಿ ನಿಂತು, ಕರೆದಾಗ ಮಾತ್ರ ಬಾಯಿ ತೆರೆಯಬೇಕಾಗಿದ್ದವರು. ಹಲಗೆ ಬಾರಿಸುವದಕ್ಕೆ ಅವರು ಬೇಕಾಗಿದ್ದರು. ಅವರ ಮಾತು ಯಾರಿಗೂ ಬೇಕಾಗಿರಲಿಲ್ಲ. ಹಾಗೆ ತಗ್ಗಿದ ತಲೆಯು ದೀಕ್ಷಾಸ್ನಾನವಾದ ಮರುದಿನವೇ ಏಳುವದಿಲ್ಲ. ಎರಡು ಮೂರು ತಲೆಮಾರುಗಳಾದರೂ ಅದರ ಭಾರವು ಮಕ್ಕಳ ಕುತ್ತಿಗೆಯ ಮೇಲೆ ಉಳಿದಿರುತ್ತದೆ. ಅಂಜಬೇಡವೆಂದು ಉಪದೇಶಿಸುವದು ಸುಲಭ. ಅಂಜಿಕೆಯನ್ನು ಹೇಗೆ ಬಿಡಿಸಬೇಕೆಂಬದನ್ನು ಕಣ್ಣಿಲ್ಲದ ಒಬ್ಬ ಮನುಷ್ಯನು ನಮ್ಮ ನೆರೆಯಲ್ಲಿಯೇ ಮಾಡಿ ತೋರಿಸಿದನು.

ಪಂಚಾಕ್ಷರಿ ಗವಾಯಿಗಳು ೧೮೯೨ನೇ ಇಸವಿ ಫೆಬ್ರುವರಿ ೨ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಆ ಊರು ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. ಈಗ ಹಾವೇರಿ ಜಿಲ್ಲೆಯಲ್ಲಿದೆ. ತಂದೆಯ ಹೆಸರು ಗುರುಪಾದಯ್ಯ ಚರಂತಿಮಠ, ತಾಯಿಯ ಹೆಸರು ನೀಲಮ್ಮ. ಮಗನಿಗೆ ಗದಿಗಯ್ಯನೆಂದು ಹೆಸರಿಟ್ಟರು. ಮಗುವು ಹುಟ್ಟುಗುರುಡಾಗಿತ್ತು. ಅವನ ಒಡಹುಟ್ಟಿದವನೂ ಕುರುಡನೇ. ಒಂದೇ ಬಡಮನೆಯಲ್ಲಿ ಕಣ್ಣಿಲ್ಲದ ಎರಡು ಮಕ್ಕಳು! ಆ ಕಾಲದ ಹಳ್ಳಿಯ ಜನರು ಇಂಥ ಮನೆಯ ಕುರಿತು ಏನೇನು ಆಡಿಕೊಳ್ಳುತ್ತಿದ್ದರೆಂಬದು ನಮಗೆ ತಿಳಿಯದ ಮಾತಲ್ಲ. ಯೆರೂಸಲೇಮಿನ ಬೀದಿಯಲ್ಲಿ ಹುಟ್ಟುಗುರುಡನನ್ನು ಕಂಡ ಶಿಷ್ಯರು ಸಹ, ಇವನು ಹೀಗೆ ಹುಟ್ಟಬೇಕಾದರೆ ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ವಿಚಾರಿಸಿದ್ದರು. ಕರ್ತನು ಆ ಪ್ರಶ್ನೆಯನ್ನೇ ತಳ್ಳಿಹಾಕಿ, ದೇವರ ಕ್ರಿಯೆಗಳು ಈ ಮನುಷ್ಯನಲ್ಲಿ ತೋರಿಬರಬೇಕಾಗಿದೆ ಎಂಬರ್ಥದ ಉತ್ತರವನ್ನು ಕೊಟ್ಟನು. ಯೋಹಾನನ ಸುವಾರ್ತೆಯ ಒಂಭತ್ತನೆಯ ಅಧ್ಯಾಯವನ್ನು ವಾಚಕರು ಈ ಸಂಗಡ ಇನ್ನೊಮ್ಮೆ ಓದಿಕೊಳ್ಳಬಹುದು. ಕಾಡಶೆಟ್ಟಿಹಳ್ಳಿಯ ಮನೆಯಲ್ಲಿ ಆ ಅಧ್ಯಾಯವನ್ನು ಓದಿ ಹೇಳುವವರು ಇರಲಿಲ್ಲ. ಆದರೆ ಮಕ್ಕಳಿಗೆ ದನಿಯಿತ್ತು. ಕಣ್ಣಿಲ್ಲದವರ ಕಿವಿಯು ಬಹು ಚುರುಕು. ಕೇಳಿದ್ದನ್ನು ಕೇಳಿದ ಹಾಗೆಯೇ ಹಿಡಿದು ಆ ಹುಡುಗರು ಹಾಡುತ್ತಿದ್ದರು.

ಆ ಹಾಡನ್ನು ಕೇಳಿ ನಿಂತವರು ಹಾನಗಲ್ಲ ಕುಮಾರಸ್ವಾಮಿಗಳು. ಇವರು ತಮ್ಮ ಸಮಾಜದಲ್ಲಿ ಶಾಲೆಗಳನ್ನೂ ವಸತಿಗೃಹಗಳನ್ನೂ ಎಬ್ಬಿಸುವದಕ್ಕಾಗಿ ಹಗಲಿರುಳು ತಿರುಗುತ್ತಿದ್ದ ಸನ್ಯಾಸಿಗಳು. ೧೯೦೪ರಲ್ಲಿ ವೀರಶೈವ ಮಹಾಸಭೆಯನ್ನೂ, ೧೯೦೯ರಲ್ಲಿ ಬದಾಮಿಯ ಬಳಿ ಶಿವಯೋಗ ಮಂದಿರವನ್ನೂ ಸ್ಥಾಪಿಸಿದರು. ನಮ್ಮ ರಾಮದುರ್ಗವನ್ನು ಹಾಯ್ದು ಹೋಗುವ ಮಲಪ್ರಭೆಯೇ ಮುಂದೆ ಆ ಮಂದಿರದ ಮಗ್ಗುಲಲ್ಲಿಯೂ ಹರಿಯುತ್ತದೆ. ಅಲ್ಲಿಗೆ ಕುರುಡ ಬಾಲಕರನ್ನು ಕರೆತಂದು ಇರಿಸಿಕೊಂಡರು. ಮರುಕಪಟ್ಟು ಒಂದು ಕಾಸು ಕೊಟ್ಟು ಮುಂದೆ ನಡೆಯುವದು ಅವರಿಗೆ ಸುಲಭವಾಗಿತ್ತು. ಹಾಗೆ ಮಾಡುವವರಿಗೆ ಲೋಕದಲ್ಲಿ ಕೊರತೆಯಿಲ್ಲ. ಅವರು ಹುಡುಗನಲ್ಲಿ ಭಿಕ್ಷುಕನನ್ನು ನೋಡದೆ ಗಾಯಕನನ್ನು ನೋಡಿದರು. ಗದಿಗಯ್ಯನು ದೀಕ್ಷೆ ಹೊಂದಿ ಪಂಚಾಕ್ಷರಿ ಎಂಬ ಹೆಸರನ್ನು ಪಡೆದನು.

ಮುಂದೆ ಕಲಿಕೆಯ ವರ್ಷಗಳು. ಯುವಕನನ್ನು ಮೊದಲು ಮೈಸೂರಿಗೆ ಕಳುಹಿಸಿದರು. ಅಲ್ಲಿ ಅವನು ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದನು. ತರುವಾಯ ನೀಲಕಂಠಬುವಾ ಮಿರಜಕರರಿಂದ ಹಿಂದೂಸ್ತಾನಿ ಸಂಗೀತದ ಪಾಠವಾಯಿತು. ನೀಲಕಂಠಬುವಾ ಅವರು ಗ್ವಾಲಿಯರ ಪದ್ಧತಿಯ ಗಾಯಕರು. ಧಾರವಾಡದ ಹತ್ತಿರದ ಮನಸೂರ ಗ್ರಾಮದ ಮಲ್ಲಿಕಾರ್ಜುನ ಮನಸೂರರಿಗೆ ಚಿಕ್ಕಂದಿನಲ್ಲಿ ಗುರುಗಳಾಗಿದ್ದವರೂ ಅವರೇ. ದಕ್ಷಿಣದ ಪದ್ಧತಿ, ಉತ್ತರದ ಪದ್ಧತಿ ಎಂದು ಎರಡನ್ನು ಎರಡು ಮತಗಳ ಹಾಗೆ ಬೇರ್ಪಡಿಸಿ ನೋಡುವವರು ಈಗಲೂ ಇದ್ದಾರೆ. ಪಂಚಾಕ್ಷರಿಗಳು ಎರಡರಲ್ಲಿಯೂ ಪಾರಂಗತರಾದರು. ಹಾಡುವದಷ್ಟೇ ಅಲ್ಲ, ಹಾರ್ಮೋನಿಯಮ್, ತಬಲ ಮುಂತಾದ ವಾದ್ಯಗಳನ್ನೂ ಕೈವಶಮಾಡಿಕೊಂಡರು. ಇದು ಮುಂದೆ ಅವರ ಕೆಲಸಕ್ಕೆ ಬಹಳ ಉಪಯೋಗವಾಯಿತು. ಯಾಕಂದರೆ ಎಲ್ಲಾ ಮಕ್ಕಳಿಗೂ ಒಂದೇ ವರವಿರುವದಿಲ್ಲ. ಕಂಠವಿಲ್ಲದವನಿಗೆ ಬೆರಳಿರುತ್ತದೆ, ಬೆರಳು ಒರಟಾದವನಿಗೆ ಲಯವಿರುತ್ತದೆ. ಗುರುವಿಗೆ ಒಂದೇ ವಿದ್ಯೆ ಗೊತ್ತಿದ್ದರೆ ಉಳಿದ ಮಕ್ಕಳು ನಿಷ್ಪ್ರಯೋಜಕರೆಂದು ಮೂಲೆಗೆ ಬೀಳುತ್ತಾರೆ.

ಇಷ್ಟು ವಿದ್ಯೆ ಕೈಗೆ ಬಂದ ಗಾಯಕನು ಯಾವನಾದರೂ ಸಂಸ್ಥಾನಿಕನ ಆಶ್ರಯದಲ್ಲಿ ಸುಖವಾಗಿ ಇರಬಹುದಾಗಿತ್ತು. ಆ ಕಾಲದಲ್ಲಿ ಮೈಸೂರಿನ ಅರಮನೆಯಿಂದ ಹಿಡಿದು ನಮ್ಮ ಸೀಮೆಯ ಚಿಕ್ಕ ಸಂಸ್ಥಾನಗಳವರೆಗೆ ಗಾಯಕರನ್ನು ಮನ್ನಿಸುವವರಿದ್ದರು. ಪಂಚಾಕ್ಷರಿ ಗವಾಯಿಗಳು ಆ ದಾರಿಯನ್ನು ಹಿಡಿಯಲಿಲ್ಲ. ತಾವು ಪಡೆದದ್ದನ್ನು ಕುರುಡ ಮಕ್ಕಳಿಗೂ ಅನಾಥರಿಗೂ ಬಡವರಿಗೂ ಕಲಿಸುವದೇ ಬಾಳಿನ ಕೆಲಸವೆಂದು ನಿಶ್ಚಯಿಸಿ, ಮದುವೆಯಿಲ್ಲದೆ, ಮನೆಯಿಲ್ಲದೆ, ಶಿಷ್ಯರನ್ನು ಕಟ್ಟಿಕೊಂಡು ಊರೂರು ಸಂಚರಿಸತೊಡಗಿದರು. ಜಾತಿಯನ್ನು ಕೇಳದೆ ಮಕ್ಕಳನ್ನು ಸೇರಿಸಿಕೊಂಡರು. ಊಟಕ್ಕೂ ಪಾಠಕ್ಕೂ ಹಣ ತೆಗೆದುಕೊಳ್ಳಲಿಲ್ಲ. ಹೀಗೆ ನೆಲೆಯಿಲ್ಲದ ಒಂದು ಪಾಠಶಾಲೆಯು ಉತ್ತರ ಕರ್ನಾಟಕದ ಹಾದಿಗಳ ಮೇಲೆ ನಡೆಯತೊಡಗಿತು. ಒಂದೂರಿನಲ್ಲಿ ಕೆಲವು ಕಾಲ ಬಿಡಾರ. ಅಲ್ಲಿಯ ಜನರು ಕೊಟ್ಟ ಜೋಳದಿಂದ ಅಡಿಗೆ. ಬೆಳಿಗ್ಗೆ ಪಾಠ, ಸಂಜೆ ಜನರ ಮುಂದೆ ಗಾಯನ. ಬಳಿಕ ಮುಂದಿನ ಊರು. ಮಳೆ ತಪ್ಪಿದ ವರ್ಷಗಳಲ್ಲಿ ಜೋಳವೂ ತಪ್ಪುತ್ತಿತ್ತು. ಆದರೂ ಹೊಸದಾಗಿ ಬಂದ ಕುರುಡ ಮಗುವನ್ನು ಹಿಂದಕ್ಕೆ ಕಳುಹಿಸುವದು ಅವರಿಂದಾಗುತ್ತಿರಲಿಲ್ಲ.

ಈ ಸಂಚಾರವನ್ನು ನಾವು ಕೇವಲ ಬಡತನದ ಕಥೆಯೆಂದು ತಿಳಿಯಬಾರದು. ಮಕ್ಕಳ ಅಂಜಿಕೆಗೆ ಔಷಧವು ಆ ಸಂಚಾರದಲ್ಲಿಯೇ ಇತ್ತು. ವಿಚಾರಿಸಿ ನೋಡಿರಿ. ಕುರುಡ ಮಗುವೊಂದು ತನ್ನ ಮನೆಯಲ್ಲಿದ್ದಷ್ಟು ಕಾಲ ಬೇರೆಯವರಿಗೆ ಹೊರೆಯೆಂಬ ಮಾತನ್ನು ಕೇಳಿಯೇ ಬೆಳೆದಿರುತ್ತದೆ. ಗವಾಯಿಗಳ ಬಿಡಾರದಲ್ಲಿ ಅದೇ ಮಗುವು ಸಂಜೆ ತಂಬೂರಿಯನ್ನು ಹಿಡಿಯದಿದ್ದರೆ ಗಾಯನವೇ ಸಾಗದು, ಗಾಯನವಾಗದಿದ್ದರೆ ನಾಳೆಯ ರೊಟ್ಟಿಯಿಲ್ಲ. ತಾನು ಬೇಕಾದವನೆಂಬ ತಿಳುವಳಿಕೆಯು ನೂರು ಪ್ರಸಂಗಗಳಿಗಿಂತ ಹೆಚ್ಚು ಬಲವನ್ನು ಕೊಡುತ್ತದೆ.

ನಮ್ಮ ಸುಧಾರಕನಾದ ಮಾರ್ಟಿನ್ ಲೂಥರನ ಬಾಲ್ಯವನ್ನು ಇಲ್ಲಿ ನೆನಪಿಗೆ ತರುವದು ಅನುಚಿತವಲ್ಲ. ಹದಿನಾಲ್ಕು ಹದಿನೈದು ವರುಷದ ಹುಡುಗನಾಗಿ ಅವನು ಮಾಗ್ಡೆಬುರ್ಗ್, ಐಸೆನಾಖ್ ಎಂಬ ಊರುಗಳಲ್ಲಿ ಶಾಲೆ ಓದುತ್ತಿದ್ದಾಗ, ಜೊತೆಯ ಹುಡುಗರೊಂದಿಗೆ ಮನೆಮನೆಯ ಬಾಗಿಲಲ್ಲಿ ನಿಂತು ಹಾಡಿ ರೊಟ್ಟಿಯನ್ನು ಬೇಡುತ್ತಿದ್ದನು. ಆ ದೇಶದಲ್ಲಿ ಬಡ ವಿದ್ಯಾರ್ಥಿಗಳಿಗೆ ಅದು ವಾಡಿಕೆಯಾಗಿತ್ತು. ಮುಂದೆ ೧೫೨೧ರಲ್ಲಿ ವರ್ಮ್ಸ್ ಪಟ್ಟಣದಲ್ಲಿ ಚಕ್ರವರ್ತಿಯ ಎದುರಿಗೆ ನಿಂತು ತನ್ನ ಮನಸ್ಸಾಕ್ಷಿಯನ್ನು ಬಿಟ್ಟುಕೊಡದೆ ಮಾತಾಡಿದ ಆ ದನಿಯು ಮೊದಲು ಪರರ ಬಾಗಿಲಲ್ಲಿ ಹಾಡಿ ಪಳಗಿದ ದನಿಯಾಗಿತ್ತು. ಧೈರ್ಯವು ದೇವರ ದಾನವೆಂಬದರಲ್ಲಿ ಸಂಶಯವಿಲ್ಲ. ಆದರೆ ದೇವರು ತನ್ನ ದಾನಗಳನ್ನು ಇಂಥ ಚಿಕ್ಕ ಅಭ್ಯಾಸಗಳ ಮೂಲಕವೂ ಕೊಡುತ್ತಾನೆ. ಶಾಲೆಯ ಉಪಾಧ್ಯಾಯನಿಗೆ ಹಾಡಲು ಬರಲೇಬೇಕೆಂದು ಲೂಥರನು ದೊಡ್ಡವನಾದ ಮೇಲೆ ಹಟ ಹಿಡಿದದ್ದು ಸುಮ್ಮನೆ ಅಲ್ಲ.

ಇನ್ನು ಪಾಠದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗುರುವಿನ ಬಳಿ ಇದ್ದು ಕಲಿಯುವ ಹಿಂದೂಸ್ತಾನಿ ಪದ್ಧತಿಯಲ್ಲಿ ಶಿಷ್ಯನನ್ನು ಒಮ್ಮೆಲೆ ಜನರ ಮುಂದೆ ಒಂಟಿಯಾಗಿ ನಿಲ್ಲಿಸುವದಿಲ್ಲ. ಮೊದಲು ಅವನು ಗುರುವಿನ ಹಿಂದೆ ಕೂತು ತಂಬೂರಿಯ ನಾಲ್ಕು ತಂತಿಗಳನ್ನು ಮೀಟುತ್ತಾನೆ. ಕೇಳುವವರಿಗೆ ಅದು ದೊಡ್ಡ ಕೆಲಸವೆಂದು ತೋರದು. ಆದರೆ ಇಡೀ ಗಾಯನವು ಆ ಶ್ರುತಿಯ ಮೇಲೆ ನಿಂತಿರುತ್ತದೆ. ತಂಬೂರಿಯು ತಪ್ಪಿದರೆ ಗುರುವೂ ತಪ್ಪುತ್ತಾನೆ. ಹೀಗೆ ಹುಡುಗನು ಹಾಡುವದಕ್ಕೆ ಮುಂಚೆಯೇ ಸಭೆಯ ಮುಂದೆ ಕೂತಿರುವದನ್ನು ಕಲಿಯುತ್ತಾನೆ. ಜನರ ಕೆಮ್ಮು, ಪಿಸುಮಾತು, ತಲೆದೂಗುವಿಕೆ, ಎದ್ದು ಹೋಗುವವರ ಕಾಲಸಪ್ಪಳ, ಇವೆಲ್ಲಾ ಅವನ ಕಿವಿಗೆ ರೂಢಿಯಾಗುತ್ತವೆ. ಕೆಲವು ಕಾಲದ ಮೇಲೆ ಗುರುವು ಉಸಿರು ತೆಗೆದುಕೊಳ್ಳುವ ಸ್ಥಳದಲ್ಲಿ ಶಿಷ್ಯನು ಒಂದು ಸ್ವರವನ್ನು ಹಿಡಿದು ನಿಲ್ಲುತ್ತಾನೆ. ಆ ಮೇಲೆ ಗುರುವು ಹಾಡಿದ ಸಾಲನ್ನು ತಿರುಗಿ ಹಾಡುತ್ತಾನೆ. ಕಡೆಗೆ ಒಂದು ದಿನ ಗುರುವು ಮೌನವಾಗಿ, ಶಿಷ್ಯನೇ ಮುಂದುವರಿಸಲಿ ಎಂದು ಬಿಟ್ಟುಬಿಡುತ್ತಾನೆ. ಯಾವ ದಿನ ಅಂಜಿಕೆ ಹೋಯಿತೆಂದು ಶಿಷ್ಯನಿಗೂ ಹೇಳಲಾಗುವದಿಲ್ಲ.

ಇದು ನಮ್ಮ ಸತ್ಯವೇದಕ್ಕೆ ಪರಕೀಯವಾದ ಪದ್ಧತಿಯಲ್ಲ. ಅರಸನಾದ ದಾವೀದನು ದೇವಾಲಯದ ಸಂಗೀತಕ್ಕಾಗಿ ಆಸಾಫ, ಹೇಮಾನ, ಯೆದುತೂನರ ಕೈಕೆಳಗೆ ಇನ್ನೂರ ಎಂಭತ್ತೆಂಟು ಮಂದಿಯನ್ನು ನೇಮಿಸಿದನೆಂದು ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕದಲ್ಲಿ ಓದುತ್ತೇವೆ. ಅವರ ಸರದಿಗಾಗಿ ಚೀಟು ಹಾಕುವಾಗ ಹಿರಿಯನು ಕಿರಿಯನು, ಗುರುವು ಶಿಷ್ಯನು ಎಂಬ ಭೇದವನ್ನು ಮಾಡಲಿಲ್ಲ. ಪರಿಣತನೂ ಕಲಿಯುವವನೂ ಒಂದೇ ಸಾಲಿನಲ್ಲಿ ನಿಂತು ಹಾಡಿದರು. ನಮ್ಮ ಎಷ್ಟೋ ಸಭೆಗಳಲ್ಲಿಯಾದರೋ ಹಾರ್ಮೋನಿಯಮ್ ಪೆಟ್ಟಿಗೆಯ ಬೀಗದ ಕೈಯು ಒಬ್ಬ ಹಿರಿಯರ ಸೊಂಟದಲ್ಲಿರುತ್ತದೆ. ಅವರು ಬಾರದ ದಿನ ಪೆಟ್ಟಿಗೆಯೂ ತೆರೆಯುವದಿಲ್ಲ. ಕ್ರಿಸ್ತಜಯಂತಿಯು ಎಂಟು ದಿವಸವಿರುವಾಗ ಮಕ್ಕಳನ್ನು ಕೂಡಿಸಿ, ಉಚ್ಚಾರ ತಪ್ಪಿತೆಂದು ಬೈದು, ಆ ರಾತ್ರಿ ಒಮ್ಮೆ ಸಾಲಾಗಿ ನಿಲ್ಲಿಸಿ ಹಾಡಿಸಿ, ಮತ್ತೆ ಮುಂದಿನ ವರ್ಷದ ವರೆಗೆ ಅವರನ್ನು ಮರೆತುಬಿಡುವದು ಅಭ್ಯಾಸವೆನಿಸದು. ಗವಾಯಿಗಳ ಮಕ್ಕಳು ವರ್ಷದ ಎಲ್ಲಾ ಕಾಲದಲ್ಲಿ ಹಾಡಿದರು.

ಅವರ ಶಿಷ್ಯರಲ್ಲಿ ಇಬ್ಬರ ಸಂಗತಿಯನ್ನು ಹೇಳುತ್ತೇನೆ. ಮೊದಲನೆಯವರು ಬಸವರಾಜ ರಾಜಗುರು. ಇವರಿಗೆ ಕಣ್ಣಿತ್ತು, ತಂದೆಯಿರಲಿಲ್ಲ. ೧೯೧೭ನೇ ಇಸವಿ ಆಗಸ್ಟ್ ೨೪ರಲ್ಲಿ ಧಾರವಾಡ ಜಿಲ್ಲೆಯ ಯಲಿವಾಳ ಗ್ರಾಮದಲ್ಲಿ ಹುಟ್ಟಿದರು. ತಂದೆಯಾದ ಮಹಾಂತಸ್ವಾಮಿಗಳು ತಾವೇ ಸಂಗೀತವನ್ನು ಬಲ್ಲವರಾಗಿದ್ದು ಮಗನಿಗೆ ಮೊದಲ ಪಾಠಗಳನ್ನು ಹೇಳಿದರು. ಹುಡುಗನಿಗೆ ನಾಟಕದ ಹುಚ್ಚು; ವಾಮನರಾವ ಮಾಸ್ತರರ ಕಂಪನಿಯಲ್ಲಿ ಸೇರಿ ಹಾಡಿದನು. ಹದಿಮೂರು ವರುಷದವನಿರುವಾಗ ತಂದೆಯು ತೀರಿಕೊಂಡರು. ಆ ವಯಸ್ಸಿನಲ್ಲಿ ಪಂಚಾಕ್ಷರಿ ಗವಾಯಿಗಳು ಅವನ ಕಂಠವನ್ನು ಕೇಳಿ ತಮ್ಮ ಬಳಿಗೆ ಕರೆದುಕೊಂಡರು. ಮುಂದಿನ ವರ್ಷಗಳೆಲ್ಲಾ ಗುರುಗಳ ಸಂಗಡ ಅದೇ ಪಾಠ, ಅದೇ ಸಂಚಾರ.

೧೯೩೬ನೇ ಇಸವಿಯಲ್ಲಿ ವಿಜಯನಗರ ಸಾಮ್ರಾಜ್ಯವು ಸ್ಥಾಪಿತವಾಗಿ ಆರುನೂರು ವರ್ಷಗಳು ತುಂಬಿದ ನಿಮಿತ್ತ ಹಂಪೆಯಲ್ಲಿ ದೊಡ್ಡ ಉತ್ಸವವು ನಡೆಯಿತು. ಕನ್ನಡನಾಡು ಆಗ ಮುಂಬಯಿ ಇಲಾಖೆ, ಮದ್ರಾಸು ಇಲಾಖೆ, ನಿಜಾಮರ ರಾಜ್ಯ, ಮೈಸೂರು, ಮತ್ತೆ ನಮ್ಮ ರಾಮದುರ್ಗದಂಥ ಚಿಕ್ಕ ಸಂಸ್ಥಾನಗಳಾಗಿ ಹರಿದು ಹಂಚಿಹೋಗಿತ್ತು. ಆದಕಾರಣ ಇಂಥ ಉತ್ಸವಕ್ಕೆ ಜನರು ಎಲ್ಲಾ ಕಡೆಯಿಂದಲೂ ಕೂಡಿದರು. ಸಾವಿರಾರು ಮಂದಿಯ ಆ ನೆರವಿಯಲ್ಲಿ ರಾಜಗುರುಗಳ ಮೊದಲನೆಯ ಬಹಿರಂಗ ಗಾಯನವಾಯಿತು. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ತಬಲಕ್ಕೆ ಕೂತವರು ಯಾರು? ಪಂಚಾಕ್ಷರಿ ಗವಾಯಿಗಳು ತಾವೇ.

ಸಂಗೀತವನ್ನು ಅರಿಯದ ವಾಚಕರಿಗಾಗಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗುತ್ತದೆ. ಆ ಕಾಲದ ರೂಢಿಯಲ್ಲಿ ಹಾಡುವವನ ಸ್ಥಾನವು ದೊಡ್ಡದು, ತಬಲ ಬಾರಿಸುವವನ ಸ್ಥಾನವು ಚಿಕ್ಕದು. ಜನರು ನೋಡುವದು ಗಾಯಕನನ್ನು. ತಬಲದವನು ಪಕ್ಕಕ್ಕೆ ಕೂಡುತ್ತಾನೆ. ನಾಡಿನಲ್ಲೆಲ್ಲಾ ಹೆಸರಾದ ಗುರುಗಳು ತಮ್ಮ ಹುಡುಗನನ್ನು ನಡುವಿನ ಸ್ಥಾನದಲ್ಲಿ ಕೂಡಿಸಿ, ತಾವು ಪಕ್ಕದ ಸ್ಥಾನಕ್ಕೆ ಸರಿದರು. ಇದು ಒಂದು. ಇನ್ನೊಂದು ಇದಕ್ಕಿಂತ ಸೂಕ್ಷ್ಮವಾದದ್ದು. ತೀನತಾಲವೆಂಬ ತಾಳದಲ್ಲಿ ಹದಿನಾರು ಮಾತ್ರೆಗಳಿವೆ. ಮೊದಲನೆಯ ಮಾತ್ರೆಗೆ ಸಮವೆಂದು ಹೆಸರು. ಹಾಡುವವನು ರಾಗದಲ್ಲಿ ಎತ್ತ ಅಲೆದಾಡಿದರೂ ಸಮಕ್ಕೆ ಸರಿಯಾಗಿ ಬಂದು ಸೇರಬೇಕು. ಹೊಸಬನಿಗೆ ಎದೆ ಹೊಡೆದುಕೊಳ್ಳುವದು ಇಲ್ಲಿಯೇ. ದೂರ ಹೋದೆನೇನೋ, ತಿರುಗಿ ಬರುವ ದಾರಿ ತಪ್ಪಿತೇನೋ ಎಂದು ಹೆದರಿ ಅವನು ಹತ್ತಿರ ಹತ್ತಿರವೇ ಸುತ್ತುತ್ತಾನೆ. ತಬಲದವನು ಜಂಬಗಾರನಾದರೆ ತನ್ನ ಕೈಚಳಕವನ್ನು ತೋರಿಸಿ ಹುಡುಗನನ್ನು ಇನ್ನಷ್ಟು ಗಲಿಬಿಲಿಗೊಳಿಸುವನು. ತಬಲದವನು ತಂದೆಯಂಥವನಾದರೆ ಠೇಕೆಯನ್ನು ನೇರವಾಗಿ, ಸ್ಪಷ್ಟವಾಗಿ, ಅಲುಗಾಡದೆ ಹಿಡಿದಿರುವನು. ಆಗ ಹಾಡುವವನಿಗೆ ತಾನು ಎಷ್ಟು ದೂರ ಹೋದರೂ ಮನೆಯ ದೀಪವು ಕಾಣುತ್ತಲೇ ಇರುತ್ತದೆ. ಹಂಪೆಯಲ್ಲಿ ಆ ಯುವಕನ ಪಕ್ಕದಲ್ಲಿ ಕೂತಿದ್ದವರು ಅವನ ಒಂದೊಂದು ಉಸಿರನ್ನೂ ವರ್ಷಗಟ್ಟಲೆ ಕೇಳಿ ಬಲ್ಲವರು. ಹುಡುಗನು ಹಾಡಿದನು; ಜನರು ಬಹಳವಾಗಿ ಮೆಚ್ಚಿ ಚಪ್ಪಾಳೆಯಿಕ್ಕಿದರು. ಆ ದಿನದಿಂದ ರಾಜಗುರುಗಳ ಹೆಸರು ಹರಡಿತು. ಮುಂದೆ ಅವರು ಭಾರತದ ಮೇಲ್ಪಂಕ್ತಿಯ ಗಾಯಕರಲ್ಲಿ ಒಬ್ಬರಾಗಿ, ಸರಕಾರದಿಂದ ಪದ್ಮಭೂಷಣವನ್ನು ಹೊಂದಿ, ೧೯೯೧ರಲ್ಲಿ ತೀರಿಕೊಂಡರು.

ಮೋಶೆಯು ತನಗೆ ವಾಕ್ಚಾತುರ್ಯವಿಲ್ಲವೆಂದು ಹಿಂಜರಿದಾಗ ದೇವರು ಅವನನ್ನು ಗದರಿಸಿದ್ದು ಉಂಟು. ಆದರೆ ಗದರಿಸಿ ಒಬ್ಬಂಟಿಗನಾಗಿ ಫರೋಹನ ಬಳಿಗೆ ದಬ್ಬಲಿಲ್ಲ. ಆರೋನನನ್ನು ಸಂಗಡ ಕೊಟ್ಟನು. ಗವಾಯಿಗಳ ತಬಲದ ಸಂಗತಿಯನ್ನು ನೆನೆಯುವಾಗೆಲ್ಲಾ ಈ ಆರೋನನು ಮನಸ್ಸಿಗೆ ಬರುತ್ತಾನೆ.

ಎರಡನೆಯ ಶಿಷ್ಯರು ಪುಟ್ಟರಾಜ ಗವಾಯಿಗಳು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ೧೯೧೪ನೇ ಇಸವಿ ಮಾರ್ಚ್ ೩ರಲ್ಲಿ ಹುಟ್ಟಿದ ಈ ಮಗುವಿಗೆ ಕೂಸಾಗಿರುವಾಗಲೇ ಕಣ್ಣು ಹೋದವು. ಸೋದರಮಾವನು ಹಾರ್ಮೋನಿಯಮ್ ಬಾರಿಸಬಲ್ಲವನಾಗಿದ್ದನು; ಕುರುಡ ಹುಡುಗನು ಆ ಪೆಟ್ಟಿಗೆಯ ಮೇಲೆ ಕೈಯಾಡಿಸಿ ತಾನಾಗಿಯೇ ಸ್ವರಗಳನ್ನು ಹುಡುಕಿಕೊಂಡನು. ಹುಡುಗನು ಪಂಚಾಕ್ಷರಿ ಗವಾಯಿಗಳ ಕೈಗೆ ಬಂದನು. ಕುರುಡನು ಕುರುಡನಿಗೆ ದಾರಿ ತೋರಿಸಿದರೆ ಇಬ್ಬರೂ ಕುಣಿಯಲ್ಲಿ ಬೀಳುವರೆಂಬ ಸುವಾರ್ತೆಯ ಮಾತು ಫರಿಸಾಯರ ಮನಸ್ಸಿನ ಕುರುಡುತನವನ್ನು ಕುರಿತದ್ದು. ಅದನ್ನು ಎತ್ತಿ ಇಂಥ ಮಕ್ಕಳ ಮೇಲೆ ಹಾಕುವವರು ಈ ಗುರುಶಿಷ್ಯರ ಚರಿತ್ರೆಯನ್ನು ಓದಬೇಕು. ಪುಟ್ಟರಾಜರು ಎರಡೂ ಪದ್ಧತಿಯ ಗಾಯನವನ್ನೂ ಹಾರ್ಮೋನಿಯಮ್, ತಬಲ, ಪಿಟೀಲು, ಸಾರಂಗಿ ಮೊದಲಾದ ವಾದ್ಯಗಳನ್ನೂ ಕಲಿತರು. ಪುಸ್ತಕಗಳನ್ನು ಬರೆದರು, ನಾಟಕಗಳನ್ನು ಬರೆದು ಕಂಪನಿಯನ್ನು ನಡಿಸಿದರು. ಆ ನಾಟಕಗಳ ಉತ್ಪನ್ನವು ಮಕ್ಕಳ ಹೊಟ್ಟೆಗೆ ಹೋಯಿತು. ನಾಟಕದ ಹೆಸರು ಕೇಳಿದರೆ ನಮ್ಮ ಹಿರಿಯರು ಹುಬ್ಬು ಗಂಟಿಕ್ಕುವರೆಂದು ಬಲ್ಲೆನು. ಅದಕ್ಕೆ ಕಾರಣಗಳೂ ಇಲ್ಲದಿಲ್ಲ. ಆದರೆ ಆಟದ ಹಣವು ಹೆಂಡದಂಗಡಿಗೆ ಹೋಗುವದು ಬೇರೆ, ಅನಾಥರ ಅಡಿಗೆಮನೆಗೆ ಹೋಗುವದು ಬೇರೆ.

ಪಂಚಾಕ್ಷರಿ ಗವಾಯಿಗಳು ಮಾಡಿದ ಇನ್ನೊಂದು ಕೆಲಸವನ್ನು ಸಂಕ್ಷೇಪವಾಗಿ ಹೇಳಬಹುದು. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಅವರು ರಾಗತಾಳಗಳಲ್ಲಿ ಅಳವಡಿಸಿ ಸಭೆಗಳಲ್ಲಿ ಹಾಡಿದರು. ಹಳ್ಳಿಯ ಜನರಿಗೆ ತಿಳಿಯುವ ಕನ್ನಡದ ಮಾತು ದೊಡ್ಡ ಸಂಗೀತದ ಪಕ್ಕದಲ್ಲಿ ಬಂದು ಕೂತಿತು. ನಮ್ಮಲ್ಲಿ ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟ್ಟೆಲರು ೧೮೬೨ರಷ್ಟು ಹಿಂದೆಯೇ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಕಟ್ಟಿ ಕಥಾಮಾಲೆ ಎಂಬ ಹೆಸರಿನಿಂದ ಅಚ್ಚು ಹಾಕಿಸಿದ್ದರು. ಪರದೇಶದಲ್ಲಿ ಹುಟ್ಟಿದ ಕಿಟ್ಟೆಲರು ನಮ್ಮ ಜನರ ಕಿವಿಯನ್ನು ಅಷ್ಟು ಮೊದಲೇ ಅರಿತುಕೊಂಡಿರುವಾಗ, ಈ ಮಣ್ಣಿನಲ್ಲಿಯೇ ಹುಟ್ಟಿದ ನಾವು ನಮ್ಮ ಮಕ್ಕಳಿಗೆ ಬಾರದ ರಾಗಗಳನ್ನೇ ಹೊರಿಸಿ, ಅವರು ಬಾಯಿ ತೆರೆಯುವದಿಲ್ಲವೆಂದು ದೂರುವದುಂಟು. ಪರದೇಶದ ರಾಗಗಳು ಬೇಡವೆಂದು ನನ್ನ ಅಭಿಪ್ರಾಯವಲ್ಲ, ಅವುಗಳಲ್ಲಿ ಅಮೂಲ್ಯವಾದವುಗಳಿವೆ. ಆದರೆ ಅಂಜುವ ಮಗುವಿಗೆ ಮೊದಲ ಮೆಟ್ಟಲು ತನ್ನ ತಾಯಿಯ ಬಾಯಲ್ಲಿ ಕೇಳಿದ ಧಾಟಿಯೇ ಆಗಿರಬೇಕು.

ಬಹು ವರ್ಷಗಳ ಸಂಚಾರದ ಮೇಲೆ ಗವಾಯಿಗಳ ಶಾಲೆಗೆ ಗದಗಿನಲ್ಲಿ ನೆಲೆ ಸಿಕ್ಕಿತು. ಆ ಊರಿನ ಬಸರೀಗಿಡದ ವೀರಪ್ಪನವರೆಂಬ ಉದಾರಿಗಳು ಆಶ್ರಯವನ್ನು ಕೊಟ್ಟರು. ಅವರ ಹೆಸರಿನಿಂದಲೇ ಸ್ಥಳಕ್ಕೆ ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಾಯಿತು. ಗದಗ ಮತ್ತು ಬೆಟಗೇರಿ ಜೋಡಿ ಊರುಗಳು. ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನ ಸಭೆಯೂ, ಜರ್ಮನ್ ಆಸ್ಪತ್ರೆಯೆಂದು ಜನರು ಕರೆದ ಆಸ್ಪತ್ರೆಯೂ ಇದ್ದವು. ಒಂದು ಊರಿನಲ್ಲಿ ರೋಗಿಗಳ ಸೇವೆ, ಮಗ್ಗುಲ ಊರಿನಲ್ಲಿ ಕುರುಡ ಮಕ್ಕಳ ಸೇವೆ. ಗವಾಯಿಗಳಿಗೆ ಆ ನೆಲೆಯ ಸುಖವನ್ನು ಬಹುಕಾಲ ಅನುಭವಿಸುವ ಅವಕಾಶವಾಗಲಿಲ್ಲ. ಅದು ಎರಡನೆಯ ಮಹಾಯುದ್ಧದ ಕಾಲ. ಕಾಳುಕಡ್ಡಿಯ ಬೆಲೆ ಏರಿತ್ತು, ಉಣ್ಣುವ ಬಾಯಿಗಳು ಹೆಚ್ಚಾಗಿದ್ದವು. ೧೯೪೪ನೇ ಇಸವಿ ಜೂನ್ ೧೧ರಲ್ಲಿ, ಐವತ್ತೆರಡು ವರುಷದ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಸ್ತಿಯೆಂದು ಬಿಟ್ಟುಹೋದದ್ದು ವಾದ್ಯಗಳು ಮತ್ತು ಮಕ್ಕಳು.

ಆಶ್ರಮವು ಪುಟ್ಟರಾಜರ ಹೆಗಲಿಗೆ ಬಂತು. ಅವರಿಗೆ ಆಗ ಮೂವತ್ತು ವರುಷ, ಎರಡೂ ಕಣ್ಣಿಲ್ಲ. ಗುರುಗಳ ಪಕ್ಕದಲ್ಲಿ ಕೂತು ಕಲಿತವರಾದಕಾರಣ ಅವರು ಹಿಂಜರಿಯಲಿಲ್ಲ. ಅರುವತ್ತಾರು ವರ್ಷ ಅದನ್ನು ನಡಿಸಿದರು. ಕುರುಡ ಮಕ್ಕಳೂ ಬಡವರ ಮಕ್ಕಳೂ, ಯಾವ ಜಾತಿಮತದವರೆಂದು ಕೇಳಲ್ಪಡದೆ, ಅಲ್ಲಿ ಉಂಡು ಕಲಿತು ಹೊರಗೆ ಹೋದರು. ಕೆಲವರು ಗಾಯಕರಾದರು, ಕೆಲವರು ತಬಲ ಪಿಟೀಲುಗಳನ್ನು ನುಡಿಸಿ ಜೀವಿಸಿದರು, ಬಹಳ ಮಂದಿ ಸಂಗೀತದ ಉಪಾಧ್ಯಾಯರಾಗಿ ಕಣ್ಣಿರುವ ಮಕ್ಕಳಿಗೆ ಪಾಠ ಹೇಳಿದರು. ಭಾರತ ಸರಕಾರವು ೨೦೧೦ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣವನ್ನು ಕೊಟ್ಟಿತು. ಅದೇ ವರ್ಷ ಸಪ್ಟೆಂಬರ್ ೧೭ರಲ್ಲಿ, ತೊಂಭತ್ತಾರು ವರುಷದ ವೃದ್ಧರಾಗಿ ಅವರೂ ತೀರಿಕೊಂಡರು.

ಪುಣ್ಯಾಶ್ರಮವು ಈಗಲೂ ಗದಗಿನಲ್ಲಿದೆ. ನಮ್ಮ ಸಭೆಗಳವರು ಬೆಟಗೇರಿಗೆ ಔಷಧಕ್ಕಾಗಲಿ ಕೂಟಕ್ಕಾಗಲಿ ಹೋದಾಗ, ಸಮಯವಿದ್ದರೆ ಅದರ ಬಾಗಿಲಿನ ವರೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಕೇಳಬಹುದು. ಸ್ವರಸಾಧನೆ ಮಾಡುವ ಮಕ್ಕಳಲ್ಲಿ ಹೊಸದಾಗಿ ಬಂದವನು ಯಾವನು, ಹಳಬನು ಯಾವನು ಎಂಬದು ದನಿಯಿಂದಲೇ ತಿಳಿಯುತ್ತದೆ.